ಧ್ವನಿನಾಟಕದ ರೆಕಾರ್ಡಿಂಗ್‌ಗಳನ್ನು ಹಿಂದಿರುಗಿಸಿದ ಕುರಿತು

ಮಾನ್ಯ ಪೋಷಕರೇ,

ನಮಸ್ಕಾರ. ಎಂಟು ಮತ್ತು ಒಂಬತ್ತನೆಯ ತರಗತಿಯ ಧ್ವನಿನಾಟಕಕ್ಕಾಗಿ ಮಕ್ಕಳು ಮನೆಯಲ್ಲಿ ಮಾಡಿಕೊಂಡು ಬಂದ ರೆಕಾರ್ಡಿಂಗ್‌ಗಳಲ್ಲಿ ಕೆಲವನ್ನು ಕಳೆದ ವಾರ ಹಿಂದಿರುಗಿಸಿದೆವು. ಮರುದಿನದಿಂದ ನನ್ನ ಫೋನಿಗೆ ಬಿಡುವಿಲ್ಲ. "ವೇವ್ ಫೈಲ್ ಬೇಕೆಂದು ಸುತ್ತೋಲೆ ಕಳಿಸಿದವರು ನೀವೇ, ವೇವ್ ಫೈಲನ್ನೇ ಕೊಟ್ಟೆವು, ಈಗ ಬೇಡವೆಂದರೆ ಹೇಗೆ?" ಎಂಬುದು ಹೆಚ್ಚಿನವರ ಆಕ್ಷೇಪ. (ವೇವ್ ಎಂದರೆ ಧ್ವನಿಯನ್ನು ಹಿಂಡದೆ ಪೂರ್ತಿಯಾಗಿ ಉಳಿಸುವ ಫೈಲ್.) ನ್ಯಾಯವಾದ ಮಾತು. ಸುತ್ತೋಲೆಯ ಆ ಸಾಲು ಅರೆಬರೆಯಾಗಿತ್ತು, ತಪ್ಪು ನಮ್ಮದು. ಆದರೆ ಫೈಲ್‌ಗಳನ್ನು ಹಿಂದಿರುಗಿಸಿದ ಶಿಕ್ಷಕಿಯ ನಿರ್ಧಾರ ಸರಿಯಾಗಿಯೇ ಇತ್ತು.

ಬಹುತೇಕ ಮನೆಗಳಲ್ಲಿ ನಡೆದದ್ದು ಇಷ್ಟು: ಮಗು ಧ್ವನಿ ಸಂದೇಶವಾಗಿ ಮಾತಾಡಿ ಅಪ್ಪನಿಗೋ ಅಮ್ಮನಿಗೋ ಕಳಿಸಿತು. ಮೆಸೇಜ್ ಆ್ಯಪ್ ಅದನ್ನು ಹಿಂಡಿ ಚಿಕ್ಕದಾಗಿಸಿತು. ಅದನ್ನು ತಾವು ಯಾವುದೋ ಜಾಲತಾಣದಲ್ಲಿ ವೇವ್ ಆಗಿ ಪರಿವರ್ತಿಸಿದಿರಿ. ಫೈಲ್ ಹತ್ತಾರು ಪಟ್ಟು ದೊಡ್ಡದಾಯಿತು, ನಿಜ. ಆದರೆ ಹಿಂಡುವಾಗ ಬಿಸಾಡಿದ ಧ್ವನಿ ಮರಳಿ ಬರಲಿಲ್ಲ. ಮಸುಕಾದ ಜೆರಾಕ್ಸ್ ಪ್ರತಿಯನ್ನು ದೊಡ್ಡ ಹಾಳೆಯ ಮೇಲೆ ಮತ್ತೆ ಜೆರಾಕ್ಸ್ ಮಾಡಿಸಿದಂತಾಯಿತು. ಇಬ್ಬರು ಪೋಷಕರು ಫೈಲಿನ ಹೆಸರಿನ ಕೊನೆಯ ಅಕ್ಷರಗಳನ್ನಷ್ಟೇ ತಿದ್ದಿ ಕಳಿಸಿದ್ದರು. ಅವರ ಚುರುಕುತನವನ್ನು ಮೆಚ್ಚಿದೆ. ಒಳಗಿದ್ದ ಸರಕು ಮಾತ್ರ ಹಳೆಯದೇ.

"ನಮ್ಮ ಮೊಬೈಲಿನಲ್ಲಿ ಚೆನ್ನಾಗಿಯೇ ಕೇಳಿಸುತ್ತದಲ್ಲ" ಎಂದು ಹಲವರು ಕೇಳಿದ್ದೀರಿ. ಕೇಳುವುದಕ್ಕೆ ಅಷ್ಟು ಸಾಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಕಿವಿ ಗಮನಿಸದ ಭಾಗಗಳನ್ನು ಹುಡುಕಿ ಬಿಡುವುದರಲ್ಲೇ ಎಂಪಿ3ಯಂತಹ ಹಿಂಡಿದ ಫೈಲಿನ ಜಾಣ್ಮೆ ಇದೆ. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3ಯಲ್ಲಿ ಸುಮಾರು 16 ಕಿಲೋಹರ್ಟ್ಸ್‌ಗಿಂತ ಮೇಲಿನ, ಅಂದರೆ ತೀರಾ ಕೀಚಲಾದ, ಧ್ವನಿ ಸಾಮಾನ್ಯವಾಗಿ ಇರುವುದೇ ಇಲ್ಲ. ತೊಂದರೆ ಕಾಣಿಸಿಕೊಳ್ಳುವುದು ಧ್ವನಿಯನ್ನು ತಿದ್ದಿ ಜೋಡಿಸುವಾಗ. ಮೆಲುದನಿಯನ್ನು ಏರಿಸಿದಾಗ, ಫ್ಯಾನಿನ ಸದ್ದನ್ನು ತೆಗೆದಾಗ, ಅಡಗಿದ್ದ ಕೊರತೆಗಳು ಹೊರಬಿದ್ದು ಮಗುವಿನ ಮಾತು ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ಆಮೇಲೆ ಅಂತಿಮ ನಾಟಕವನ್ನು ಎಂಪಿ3 ಆಗಿ ಉಳಿಸುವಾಗ ಅದೇ ಧ್ವನಿ ಇನ್ನೊಮ್ಮೆ ಹಿಂಡಿಸಿಕೊಳ್ಳಬೇಕು. ಒಂದು ಸಲ ಹಿಂಡಿದ್ದನ್ನು ತಾಳಿಕೊಳ್ಳಬಹುದು. ಮೂರು ಸಲ ಹಿಂಡಿದ್ದನ್ನು ಯಾವ ಶಿಕ್ಷಕರೂ ಸರಿಪಡಿಸಲಾರರು.

ಹಾಗೆಂದು ಎಂಪಿ3ಯನ್ನು ಶಾಲೆ ನಿಷೇಧಿಸಿಲ್ಲ. ಯಾರೂ ಹೊಸ ಫೋನ್ ಕೊಳ್ಳಬೇಕಾಗಿಯೂ ಇಲ್ಲ. ಫೋನಿನ ರೆಕಾರ್ಡರ್ ಎಂ4ಎ (ಇದೂ ಹಿಂಡಿದ ಬಗೆಯ ಫೈಲ್) ಕೊಡುತ್ತದೆಯೇ? ಅದನ್ನೇ ಕೊಡಿ. ಶಾಲೆಯ ಕಂಪ್ಯೂಟರ್‌ಗಳಲ್ಲಿ ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶ ಇಂತಹ ಫೈಲ್‌ಗಳನ್ನು ಆರಂಭದಲ್ಲಿ ತೆರೆಯಲಿಲ್ಲ. ಅದಕ್ಕೆ ಬೇಕಾದ ಎಫ್‌ಎಫ್‌ಎಂಪೆಗ್ ಎಂಬ ಸಹಾಯಕ ತಂತ್ರಾಂಶವನ್ನು ನಾವು ಹಾಕಿಸಿರಲಿಲ್ಲ. ವೇವ್ ಬೇಕೆಂದು ಅವಸರದಲ್ಲಿ ಬರೆದದ್ದೂ ಅದಕ್ಕಾಗಿಯೇ. ಈಗ ಹಾಕಿಸಿದ್ದೇವೆ. ಮತ್ತೆ ಹೇಳುತ್ತೇನೆ, ನಾವು ಬೇಡವೆನ್ನುತ್ತಿರುವುದು ಹಿಂಡಿದ ಫೈಲನ್ನಲ್ಲ, ಮನೆಯಲ್ಲಿ ಮತ್ತೊಮ್ಮೆ ಪರಿವರ್ತಿಸಿದ ಫೈಲನ್ನು. ತಾವು ಶ್ರಮಪಟ್ಟು ಮಾಡಿದ್ದನ್ನೇ ಬೇಡವೆನ್ನಲು ನನಗೂ ಸಂಕೋಚವಾಗುತ್ತದೆ.

ಪೆನ್‌ಡ್ರೈವ್ ತುಂಬಿಹೋಯಿತೆಂದು ದೂರಿದವರಿಗೆ ಒಂದು ಮಾತು. ತಂತ್ರಾಂಶ ಫೈಲನ್ನು ಒಳಗೆ ತಂದುಕೊಳ್ಳುವಾಗ ಹಿಂಡಿದ್ದನ್ನು ಪೂರ್ತಿ ಬಿಡಿಸಿ ಹರಡುತ್ತದೆ. ನಾಲ್ಕು ನಿಮಿಷದ ಸ್ಟೀರಿಯೋ ಎಂಪಿ3 ಸುಮಾರು 4 ಎಂಬಿ ಇದ್ದರೆ, ಆಡಾಸಿಟಿಯ ಪ್ರಾಜೆಕ್ಟ್ ಆಗಿ ಅದು 80 ಎಂಬಿ ದಾಟುತ್ತದೆ. ವೈರಸ್ ಅಲ್ಲ, ಮಕ್ಕಳ ತಪ್ಪೂ ಅಲ್ಲ. ದಯವಿಟ್ಟು ಅವರನ್ನು ಗದರಬೇಡಿ.

ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಉಚಿತ ಪರಿವರ್ತನೆಯ ಜಾಲತಾಣಗಳಿಗೆ ಮಕ್ಕಳ ಧ್ವನಿಯನ್ನು ಏರಿಸಬೇಡಿ. ಹೆಸರು, ತರಗತಿ ಹೇಳಿಕೊಂಡು ಮಾತಾಡಿದ ಮಗುವಿನ ದನಿ ಯಾರದೋ ಕಂಪ್ಯೂಟರಿನಲ್ಲಿ ಉಳಿಯುವುದು ನನಗೆ ಒಪ್ಪಿಗೆಯಿಲ್ಲ. ತಮಗೂ ಇರಲಾರದು.

ಹಿಂದಿರುಗಿಸಿದ ಫೈಲ್‌ಗಳಿಗಾಗಿ ಯಾರ ಅಂಕವನ್ನೂ ಕಡಿತ ಮಾಡಿಲ್ಲ, ಮಾಡುವುದೂ ಇಲ್ಲ. ಮುಂದಿನ ಶನಿವಾರದವರೆಗೆ ಸಮಯವಿದೆ.

ಫೋನಿನ ರೆಕಾರ್ಡರ್‌ನಲ್ಲಿ ಉಳಿದ ಮೂಲ ಫೈಲನ್ನು ಇದ್ದಂತೆಯೇ, ಪೆನ್‌ಡ್ರೈವಿನಲ್ಲಾಗಲಿ ಮೆಸೇಜ್ ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಆಗಲಿ, ಕಳಿಸಿಕೊಡಿ.

ಹಿನ್ನೆಲೆಯಲ್ಲಿ ನಾಯಿ ಬೊಗಳಿದ್ದರೆ ಹಾಗೆಯೇ ಇರಲಿ; ಅದನ್ನು ತೆಗೆಯುವುದು ಈ ತಿಂಗಳು ಮಕ್ಕಳು ಕಲಿಯಬೇಕಾದ ಪಾಠ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು