ಬೋರ್ ಕೊರೆಸುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಬೇಸಿಗೆ ಬಂತು, ಬೋರ್ ಲಾರಿಗಳ ಓಡಾಟ ಜಾಸ್ತಿ ಆಗಿದೆ. ನಮ್ಮ ಕೋಲಾರದಲ್ಲಿ ಸುಮ್ನೆ ಲಾರಿ ಕರೆಸಿ ಕೊರೆಸುವಂತಿಲ್ಲ. 2011ರ ಅಂತರ್ಜಲ ಕಾಯ್ದೆ ಪ್ರಕಾರ ಮೊದಲು ಅನುಮತಿ ಪಡೆಯಬೇಕು.

ಇದಕ್ಕಿಂತ ಮುಖ್ಯವಾದದ್ದು ಕೆರೆಯ ವಿಷಯ. 2018ರಿಂದ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಬಿಟ್ಟದ್ದು. ಕುಡಿಯಲು ಅಲ್ಲ, ನೇರವಾಗಿ ತೋಟಕ್ಕೆ ಹಾಯಿಸಲೂ ಅಲ್ಲ. ನೆಲಕ್ಕೆ ಇಂಗಿ ಬೋರ್‌ಗಳಿಗೆ ಜೀವ ಬರಲಿ ಎಂದು. ಕೆರೆಗೆ ಮೋಟಾರ್ ಇಟ್ಟರೆ ಕೋಡಿ ಹರಿಯುವುದಿಲ್ಲ, ಮುಂದಿನ ಕೆರೆ ತುಂಬುವುದಿಲ್ಲ. ಕೆಳಗಿನ ಊರಿನವರೂ ನಮ್ಮವರೇ ಅಲ್ವಾ? ಇಟ್ಟವರು ದಯವಿಟ್ಟು ಈ ವಾರವೇ ತೆಗೆದುಬಿಡಿ.

ಭಾನುವಾರ ಬೆಳಿಗ್ಗೆ ಕೆರೆ ಕಾಲುವೆಯ ಜಾಲಿ ಗಿಡ ಕಡಿಯೋಣ. ಮಚ್ಚು ತನ್ನಿ.