ಬೆಂಚ್ ಮೇಲೆ ಕೂತಿದ್ದಾಗ ಜೊತೆಗಿದ್ದವರಿಗೆ

ಕಾಲೇಜು ಬ್ಯಾಸ್ಕೆಟ್‌ಬಾಲ್ ಟೀಮಿನ ಜರ್ಸಿ ಹಾಕಿಕೊಂಡು ಆಡುವ ಕೊನೆಯ ಪಂದ್ಯ ಮುಗಿಯಿತು. ಗೆದ್ದ ಪಂದ್ಯಗಳಿಗೆ ಚಪ್ಪಾಳೆ ಆಗಲೇ ಸಿಕ್ಕಿದೆ. ನಾನು ಥ್ಯಾಂಕ್ಸ್ ಹೇಳಬೇಕಿರುವುದು, ಒಂದು ಪಾಯಿಂಟೂ ಹೊಡೆಯದೆ ಕೂತಿದ್ದ ಆ ವರ್ಷ ನನ್ನ ಜೊತೆಗಿದ್ದವರಿಗೆ.

ಎರಡನೇ ವರ್ಷದಲ್ಲಿ ಎಡ ಮಂಡಿಯ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಹರಿಯಿತು. ಯಾರೂ ತಳ್ಳಿರಲಿಲ್ಲ. ರಿಂಗ್ ಹತ್ತಿರಕ್ಕೆ ಓಡಿ ಬಂದು ಚೆಂಡು ಹಾಕುವ ಲೇ-ಅಪ್‌ಗೆ ಹಾರಿ ಇಳಿದೆ, ಪಾದ ನೆಲಕ್ಕೆ ಕಚ್ಚಿಕೊಂಡಿತು, ಮಂಡಿ ಒಳಕ್ಕೆ ತಿರುಗಿತು. ಈ ಗಾಯ ಹೆಚ್ಚಾಗಿ ಆಗುವುದೇ ಹೀಗೆ. ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ. ಚಿಕ್ಕವರಿಗೆ ಆಟ ಹೇಳಿಕೊಡುವವರು ಹಾರಿ ಇಳಿಯುವುದನ್ನೂ ದಯವಿಟ್ಟು ಕಲಿಸಿ. ಎಷ್ಟೋ ಮಂಡಿಗಳು ಉಳಿಯುತ್ತವೆ.

ಫಿಸಿಯೋ ಅಕ್ಕ, ಆಪರೇಷನ್ ಆಗಿ 9 ತಿಂಗಳು ತುಂಬುವ ಮೊದಲೇ ಆಡಿದರೆ ಮತ್ತೆ ಹರಿಯುವ ಅಪಾಯ ಜಾಸ್ತಿ ಅಂತ ಮೊದಲೇ ಹೇಳಿದ್ದಿರಿ. "ಓಡ್ತಾ ಇದ್ದೀನಲ್ಲ ಅಕ್ಕ, ಬಿಡಿ" ಅಂತ ಎಷ್ಟು ಗೋಗರೆದರೂ ನೀವು ಬಗ್ಗಲಿಲ್ಲ. ಒಂಟಿ ಕಾಲಲ್ಲಿ ಹಾರಿಸಿ, ಟೇಪ್ ಹಿಡಿದು ಅಳೆದು, ಬಲಗಾಲಿನ ಶೇಕಡಾ 90ರಷ್ಟಾದರೂ ಎಡಗಾಲು ಬರಲಿ ಅಂದಿರಿ. ಕೊನೆಯ ವರ್ಷ ಪೂರ್ತಿ ಆಡಿದ್ದು ನಿಮ್ಮ ಆ ಹಟದಿಂದಲೇ.

ಕೋಚ್ ಸರ್, ನೀವು ನನ್ನನ್ನು ಬೆಂಚಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಕೈಗೆ ನೋಟ್‌ಬುಕ್ ಕೊಟ್ಟಿರಿ. ಎದುರಾಳಿ ಟೀಮಿನಲ್ಲಿ ಚೆಂಡು ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್ ಯಾವ ಕಡೆಗೆ ಜಾಸ್ತಿ ನುಗ್ಗುತ್ತಾಳೆ ಅಂತ ಬರೆಯಬೇಕಿತ್ತು. ಟೈಮ್‌ಔಟ್‌ನಲ್ಲಿ ಎಲ್ಲರ ಮುಂದೆ "ಹೇಳಮ್ಮ, ಏನು ನೋಡಿದೆ?" ಅಂತ ಕೇಳುತ್ತಿದ್ದಿರಿ. ಆಡದೆ ಕೂತವಳಿಗೆ ಅದು ಎಷ್ಟು ದೊಡ್ಡದು ಅಂತ ನಿಮಗೆ ಗೊತ್ತಿತ್ತು, ಅಲ್ವಾ?

ಇನ್ನು ನಮ್ಮ ಸೆಂಟರ್, ರಿಂಗ್ ಹತ್ತಿರ ಆಡುವ ಹುಡುಗಿ. ಪ್ರಾಕ್ಟೀಸ್ ಮುಗಿದು ಎಲ್ಲರೂ ಹೊರಟ ಮೇಲೆ ಅವಳು ರಿಂಗ್ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಹಾಕುತ್ತಿದ್ದಳು. ಬ್ರೇಸ್ ಹಾಕಿದ ಕಾಲು ಚಾಚಿ ಕೂತು ನಾನು ಚೆಂಡು ಎಸೆಯಬೇಕು. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ. ಕಾಲಿನ ಬಲವಿಲ್ಲದೆ ಎಸೆದರೆ ಚೆಂಡು ನೆಟ್‌ಗೂ ತಾಗುತ್ತಿರಲಿಲ್ಲ. ಉರುಳಿ ಹೋದ ಚೆಂಡನ್ನೆಲ್ಲ ಅವಳೇ ಹೆಕ್ಕಿ ತಂದು ಪಾಸ್ ಮಾಡುವಳು. "ಮೊಣಕೈ ಒಳಗೆ" ಅನ್ನುವಳು. ಸಮಾಧಾನದ ಮಾತು ಒಂದೂ ಆಡಲಿಲ್ಲ, ನನಗೆ ಬೇಕಿದ್ದದ್ದೂ ಅದಲ್ಲ. ವಾಪಸ್ ಬಂದಾಗ ನನ್ನ ಫ್ರೀ ಥ್ರೋ ಮೊದಲಿಗಿಂತ ಚೆನ್ನಾಗಿದೆ ಅಂತ ಎಲ್ಲರೂ ಅಂದರು. ಅದರಲ್ಲಿ ಅರ್ಧ ಅವಳದ್ದು.

ಕ್ಲಾಸ್ ನೋಟ್ಸ್ ಕೊಟ್ಟವರಿಗೆ, ಮೆಟ್ಟಿಲು ಹತ್ತುವಾಗ ಬ್ಯಾಗ್ ಹಿಡಿದವರಿಗೆ, ರಾತ್ರಿ ಎದ್ದು ಮಂಡಿಗೆ ಐಸ್ ಇಟ್ಟ ಅಮ್ಮನಿಗೆ ಎಷ್ಟು ಹೇಳಿದರೂ ಕಡಿಮೆಯೇ.

ಮುಂದಿನ ತಿಂಗಳಿಂದ ಸಂಜೆ ಹೊತ್ತು ಜೂನಿಯರ್‌ಗಳ ಪ್ರಾಕ್ಟೀಸ್‌ಗೆ ಬರುತ್ತೇನೆ ಅಂತ ಸರ್‌ಗೆ ಹೇಳಿದ್ದೇನೆ. ಹುಡುಗಿಯರೇ, ಮಂಡಿ ನೋವಿದ್ದರೆ ಮುಚ್ಚಿಡಬೇಡಿ, ನನ್ನ ಹತ್ತಿರ ಬಂದು ಹೇಳಿ.