ಕುದ್ರು ನೋಡಲು ಬಸ್ಸು ಮಾಡುವ ಮೊದಲು

ಅಕ್ಟೋಬರ್ ರಜೆಗೆ ಊರಿಗೆ ಹೊರಟಿರುವ ಸದಸ್ಯರೇ,

ನಾವಿರುವ ಈ ಹೊರನಾಡಿನ ಶಾಲೆಗಳಿಗೆ ಶರತ್ಕಾಲದ ರಜೆ ಸಿಗುವುದೂ ಉಡುಪಿ ಬಳಿಯ ಮಲ್ಪೆಯಲ್ಲಿ ಸೇಂಟ್ ಮೇರೀಸ್ ದ್ವೀಪದ ಬೋಟುಗಳು ಮತ್ತೆ ನೀರಿಗಿಳಿಯುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಐದಾರು ಮನೆಯವರು ಸೇರಿ ಒಂದು ಬಸ್ಸು ಮಾಡಿ, ಜೊತೆಗೊಬ್ಬ ಗೈಡ್ ಇಟ್ಟುಕೊಂಡು ಉಡುಪಿಯ ದ್ವೀಪ, ಹೊಳೆ ನಡುವಿನ ಕುದ್ರು, ಹೊಳೆ ಕಡಲು ಸೇರುವ ಅಳಿವೆಗಳನ್ನು ನೋಡಿಬರುವ ಯೋಚನೆ ಒಳ್ಳೆಯದೇ. ಆದರೆ ಇಂಥ ಪ್ರವಾಸ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ. ಪಟ್ಟಿ ಹಾಕುವವರು ಬಸ್ಸಿನ ಹೊತ್ತು ನೋಡುತ್ತಾರೆ, ನೀರಿನ ಹೊತ್ತು ನೋಡುವುದಿಲ್ಲ. ಬೆಳಿಗ್ಗೆ ಮಠ, ಆಮೇಲೆ ಮಣಿಪಾಲ, ಊಟ, ಶಾಪಿಂಗ್ ಎಲ್ಲ ಮುಗಿಸಿ ಮಧ್ಯಾಹ್ನ ಮೂರು ಗಂಟೆಗೆ ಮಲ್ಪೆಯ ಟಿಕೆಟ್ ಕೌಂಟರಿನ ಮುಂದೆ ನಿಂತರೆ, ಸಿಗುವುದು ಉದ್ದದ ಕ್ಯೂ, ಎದ್ದ ಅಲೆ, ದ್ವೀಪದಲ್ಲಿ ಅವಸರದ ಅರ್ಧ ಗಂಟೆ.

ದ್ವೀಪ ಯಾವಾಗಲೂ ಬೆಳಗಿನ ಕೆಲಸ. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ದಡದ ಕಡೆಗೆ ಪಡುಗಾಳಿ ಶುರುವಾಗುತ್ತದೆ. ಮಧ್ಯಾಹ್ನ ದಾಟುವಾಗ ಅದು ಬಲವಾಗಿ ಸಣ್ಣ ಸಣ್ಣ ಚೂಪು ಅಲೆಗಳನ್ನು ಎಬ್ಬಿಸುತ್ತದೆ. ದೊಡ್ಡ ಬೋಟಿಗೆ ಅದು ಲೆಕ್ಕಕ್ಕಿಲ್ಲ. ಆದರೆ ದ್ವೀಪದ ಬಳಿ ಬೋಟು ಕುಲುಕುತ್ತಿರುವಾಗ ಕಾಲು ಎತ್ತಿಟ್ಟು ಇಳಿಯಬೇಕಲ್ಲ, ಎಪ್ಪತ್ತು ದಾಟಿದ ಅಮ್ಮನಿಗೆ ಅಲ್ಲೇ ಕಷ್ಟ. ಅಕ್ಟೋಬರಿನಲ್ಲಿ ಇನ್ನೊಂದು ತೊಡಕೂ ಇದೆ. ಹಿಂಗಾರಿನ ಮಳೆ ಬರುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಗುಡುಗು ಮಿಂಚಿನ ಸಮೇತ. ದ್ವೀಪದಲ್ಲಿ ಸಿಡಿಲಿಗೆ ಮರೆ ಎಂಬುದಿಲ್ಲ, ಇರುವುದು ಬರೀ ತೆಂಗಿನ ಮರ.

ಯಾವ ವಾರ ಒಳ್ಳೆಯದು ಎಂದು ಕೇಳಿದರೆ, ನವೆಂಬರಿನ ಮೊದಲೆರಡು ವಾರ ಎನ್ನಬೇಕು. ಅಕ್ಟೋಬರಿನಲ್ಲಿ ಗುಡ್ಡ, ಗದ್ದೆಗಳ ಹಸಿರು ಹೆಚ್ಚು, ಆದರೆ ಕಡಲನ್ನು ನಂಬುವ ಹಾಗಿಲ್ಲ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವ ಎರಡು ಕಾಲಗಳಲ್ಲಿ ಇದೂ ಒಂದು. 2019ರ ಅಕ್ಟೋಬರ್ ಕೊನೆಯಲ್ಲಿ ‘ಕ್ಯಾರ್’ ಎದ್ದಾಗ ಕರಾವಳಿಯುದ್ದಕ್ಕೂ ಕಡಲು ಪ್ರಕ್ಷುಬ್ಧವಾಗಿತ್ತು. ರಜೆ ಅಕ್ಟೋಬರಿನಲ್ಲೇ ಸಿಗುವವರು ದ್ವೀಪಕ್ಕೆ ಒಂದೇ ದಿನ ಗೊತ್ತು ಮಾಡದೆ, ಬದಲಿಗೆ ಇನ್ನೊಂದು ಬೆಳಿಗ್ಗೆಯನ್ನೂ ಖಾಲಿ ಇಟ್ಟುಕೊಳ್ಳಿ. ಬೋಟು ಬಿಡುವುದಿಲ್ಲ ಎಂದರೆ ಆ ದಿನ ಅಳಿವೆ, ಕುದ್ರು ನೋಡಿ; ದ್ವೀಪ ಮರುದಿನಕ್ಕಿರಲಿ.

ಈಗ ಬಸ್ಸಿನ ಮಾತು. ಇಪ್ಪತ್ತೈದರಿಂದ ಮೂವತ್ತು ಸೀಟಿನ ಮಿನಿ ಬಸ್ಸೇ ಸಾಕು. ಐವತ್ತು ಸೀಟಿನ ಉದ್ದದ ಬಸ್ಸು ಹೆದ್ದಾರಿ 66ರಲ್ಲಿ ಸುಖವಾಗಿ ಹೋಗುತ್ತದೆ. ಆದರೆ ಕೆಮ್ಮಣ್ಣು ಊರಿನ ಒಳರಸ್ತೆಗೂ ಹೂಡೆಯಿಂದ ಕೋಡಿ ಬೆಂಗ್ರೆಗೆ ಹೋಗುವ ದಾರಿಗೂ ಅದು ಆಗಿಬರುವುದಿಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಸಾಲುಮನೆ, ಬಲೆ ಒಣಗಿಸುವ ಅಂಗಳ. ಎದುರಿನಿಂದ ಮೀನಿನ ಟೆಂಪೋ ಬಂದರೆ ಯಾರಾದರೊಬ್ಬರು ಹಿಂದೆ ಹೋಗಲೇಬೇಕು. ಉದ್ದದ ಬಸ್ಸಿಗೆ ತಿರುಗಿಸಲೂ ಜಾಗವಿಲ್ಲ.

ಹಳದಿ ಬೋರ್ಡಿನ ಗಾಡಿಯನ್ನೇ ಹಿಡಿಯಿರಿ. ಬಿಳಿ ಬೋರ್ಡಿನದು ಅಗ್ಗಕ್ಕೆ ಸಿಗುತ್ತದೆ, ಆದರೆ ಏನಾದರೂ ಅವಘಡವಾದರೆ ವಿಮೆಯ ಹಣಕ್ಕೆ ಅಲೆದಾಡಬೇಕಾಗುತ್ತದೆ. ಬಾಡಿಗೆ ಮಾತಾಡುವಾಗ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರು, ಅದಕ್ಕಿಂತ ಹೆಚ್ಚಾದರೆ ಕಿಲೋಮೀಟರಿಗೆ ಎಷ್ಟು, ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಯಾರ ಲೆಕ್ಕಕ್ಕೆ, ಇಷ್ಟನ್ನೂ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಮಂಗಳೂರಿನಿಂದ ಹೊರಟರೆ ಹೆಜಮಾಡಿಯಲ್ಲಿ ಟೋಲ್, ಕುಂದಾಪುರದ ಕಡೆ ಹೋದರೆ ಸಾಸ್ತಾನದಲ್ಲಿ ಇನ್ನೊಂದು. ಕಿಲೋಮೀಟರನ್ನು ಗ್ಯಾರೇಜಿನಿಂದ ಗ್ಯಾರೇಜಿಗೆ ಎಣಿಸುತ್ತಾರೆ ಎಂಬುದೂ ನೆನಪಿರಲಿ. ಉಡುಪಿ ಸುತ್ತಲು ಮಂಗಳೂರಿನ ಬಸ್ಸು ಮಾಡಿದರೆ ದಿನಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರು ದಾರಿಗೇ ಹೋಗುತ್ತದೆ. ಇಲ್ಲಿ ಬಳಸುವ ಮಕ್ಕಳ ಸೀಟನ್ನು ಕಟ್ಟಲು ಅಲ್ಲಿಯ ಮಿನಿ ಬಸ್ಸುಗಳಲ್ಲಿ ಸಾಮಾನ್ಯವಾಗಿ ಅನುಕೂಲವಿರುವುದಿಲ್ಲ. ಸಣ್ಣ ಮಕ್ಕಳನ್ನು ನಡುವಿನ ಸಾಲುಗಳಲ್ಲಿ ಕೂರಿಸಿ, ಬಾಗಿಲ ಬಳಿಯಾಗಲಿ ಮುಂದಿನ ಗಾಜಿನ ಹತ್ತಿರವಾಗಲಿ ಬೇಡ.

ಉಡುಪಿ ಪೇಟೆಯಿಂದ ಮಲ್ಪೆಗೆ ಆರು ಕಿಲೋಮೀಟರು. ಬಸ್ಸು ಏಳೂವರೆಗೆ ಹೊರಟರೆ ಮೀನು ಇಳಿಸುವ ದಕ್ಕೆಯ ಗಲಾಟೆಯನ್ನು ಹೊರಗಿನಿಂದಲಾದರೂ ನೋಡಬಹುದು. ಜೂನ್, ಜುಲೈ ಎರಡು ತಿಂಗಳ ನಿಷೇಧ ಮುಗಿದು ಯಾಂತ್ರಿಕ ದೋಣಿಗಳು ಕಡಲಿಗಿಳಿದಿರುತ್ತವೆ. ದಕ್ಕೆಯ ಒಳಗೆ ಮೂವತ್ತು ಜನರ ಗುಂಪು ನುಗ್ಗುವುದು ಬೇಡ. ಅದು ದುಡಿಮೆಯ ಜಾಗ. ಮಂಜುಗಡ್ಡೆಯ ನೀರು, ಎಳೆಯುವ ಬುಟ್ಟಿ, ಹಿಂದೆ ಬರುವ ಲಾರಿ, ಇವುಗಳ ನಡುವೆ ನಿಂತು ಫೋಟೋ ತೆಗೆಯುವವರಿಂದ ಅವರಿಗೆ ತೊಂದರೆಯೇ.

ಬೋಟಿನವರು ಒಂದಷ್ಟು ಜನ ಸೇರುವವರೆಗೆ ಕಾಯುತ್ತಾರೆ. ನಿಮ್ಮದೇ ಬಸ್ಸು ತುಂಬ ಜನ ಇದ್ದರೆ ಆ ಕಾಯುವಿಕೆ ತಪ್ಪುತ್ತದೆ, ಇದು ಗುಂಪಿನ ದೊಡ್ಡ ಲಾಭ. ಸುಮಾರು ಆರು ಕಿಲೋಮೀಟರಿನ ಕಡಲ ದಾರಿ, ದೊಡ್ಡ ಬೋಟಿನಲ್ಲಿ ಅರ್ಧ ಗಂಟೆ. ವಾಂತಿಯಾಗುವವರು ಬೋಟಿನ ಹಿಂಭಾಗದಲ್ಲಿ ಕೂತು ದೂರದ ಅಂಚನ್ನು ನೋಡುತ್ತಿರಲಿ. ಮೊಬೈಲ್ ನೋಡಿದರೆ ತಲೆ ತಿರುಗುವುದು ಖಂಡಿತ. ಮಾತ್ರೆ ತೆಗೆದುಕೊಳ್ಳುವುದಾದರೆ ಬೋಟು ಹತ್ತುವ ಅರ್ಧ ಗಂಟೆ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಅದು ಕೆಲಸ ಮಾಡುವುದಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡರೆ ಸಾಲದು, ಮೂರೂ ಪಟ್ಟಿ ಬಿಗಿದಿದೆಯೇ ನೋಡಿ. ಮಕ್ಕಳ ಅಳತೆಯವು ಕಡಿಮೆ ಇರುತ್ತವೆ. ದೊಡ್ಡವರ ಜಾಕೆಟನ್ನು ಆರು ವರ್ಷದ ಮಗುವಿಗೆ ತೊಡಿಸಿದರೆ ನೀರಿನಲ್ಲಿ ಜಾಕೆಟ್ ಮೇಲೆ ಬರುತ್ತದೆ, ಮಗು ಕೆಳಗೆ ಜಾರುತ್ತದೆ.

ಸೇಂಟ್ ಮೇರೀಸ್ ಎಂದು ನಾವು ಹೇಳುವುದು ನಾಲ್ಕು ಮುಖ್ಯ ದ್ವೀಪಗಳ ಸಾಲಿಗೆ. ಉತ್ತರದ ದ್ವೀಪ, ತೆಂಗಿನ ದ್ವೀಪ, ದರಿಯಾಬಹದ್ದೂರ್‌ಗಡ, ದಕ್ಷಿಣದ ದ್ವೀಪ. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. ಉದ್ದ ಅರ್ಧ ಕಿಲೋಮೀಟರಿನಷ್ಟು, ಅಗಲ ನೂರು ಮೀಟರಿನಷ್ಟು. ಇಷ್ಟು ಸಣ್ಣ ಜಾಗಕ್ಕೆ ಎರಡು ಗಂಟೆ ಯಾಕೆ ಎಂದು ಕೇಳುವವರಿದ್ದಾರೆ. ಒಂದೇ ಒಂದು ಕಂಬದ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದರೆ ಆ ಪ್ರಶ್ನೆ ಬರುವುದಿಲ್ಲ.

ಕಲ್ಲಿನ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಮೇಲಿನಿಂದ ನೋಡಿದರೆ ಜೇನುಗೂಡಿನ ಮುಖ. ಹೆಚ್ಚಿನವಕ್ಕೆ ಆರು ಮಗ್ಗುಲು, ಕೆಲವಕ್ಕೆ ಐದು, ಅಲ್ಲೊಂದು ಇಲ್ಲೊಂದಕ್ಕೆ ಏಳು. ಮಕ್ಕಳಿಗೆ ಎಣಿಸಲು ಹೇಳಿ. ಎತ್ತರದವು ಆರು ಮೀಟರಿನವರೆಗೂ ಇವೆ. ಉಬ್ಬರದ ನೀರು ಮುಟ್ಟುವ ಮಟ್ಟದವರೆಗೆ ಕಲ್ಲು ಕಪ್ಪಗೆ, ಸಣ್ಣ ಚಿಪ್ಪುಜೀವಿಗಳು ಕಚ್ಚಿಕೊಂಡು ಒರಟೊರಟಾಗಿರುತ್ತದೆ. ಅದರ ಮೇಲೆ ಬಿಸಿಲಿಗೆ ಒಣಗಿದ ಕಂದು ಬಣ್ಣ. ಎರಡು ಕಂಬಗಳ ನಡುವಿನ ಸಂದಿಯಲ್ಲಿ ಬೆರಳಾಡಿಸಿದರೆ ಉಪ್ಪು ಹತ್ತುತ್ತದೆ. ಯಾರೂ ಕಡೆದದ್ದಲ್ಲ. ದಪ್ಪಗೆ ಹರಿದು ನಿಂತ ಲಾವಾ ತಣಿಯುವಾಗ ಕುಗ್ಗಿತು, ಕುಗ್ಗಿದಾಗ ಬಿರಿಯಿತು. ಸುಗ್ಗಿ ಮುಗಿದ ಗದ್ದೆಯ ಕೆಸರು ಒಣಗಿ ಬಿರಿಯುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಗದ್ದೆಯಲ್ಲಿ ಬಿರುಕು ಒಂದೆರಡು ಗೇಣು ಇಳಿದು ನಿಲ್ಲುತ್ತದೆ, ಇಲ್ಲಿ ಲಾವಾ ಒಳಗೊಳಗೆ ತಣಿಯುತ್ತಾ ಹೋದ ಹಾಗೆ ಬಿರುಕೂ ಇಳಿಯುತ್ತಾ ಹೋಗಿ ಕಂಬಗಳಾದವು.

ಗೈಡ್‌ಗಳ ಬಾಯಲ್ಲಿ ಇಲ್ಲಿ ಎರಡು ತಪ್ಪು ಆಗಾಗ ಕೇಳುತ್ತವೆ. ಒಂದು, ಇದು ದಖ್ಖನ್ನಿನ ಲಾವಾ ಎನ್ನುವುದು. ದಖ್ಖನ್ನಿನದು ಸುಮಾರು 6.6 ಕೋಟಿ ವರ್ಷ ಹಿಂದಿನ ಬಸಾಲ್ಟ್. ಇಲ್ಲಿಯದು ಬೇರೆಯೇ ಬಗೆಯ, ಸಿಲಿಕಾ ಹೆಚ್ಚಿರುವ ಲಾವಾ. ಅದಕ್ಕಿಂತ ಎರಡು ಕೋಟಿ ವರ್ಷದಷ್ಟು ಹಳೆಯದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಗುವಾಗ ಉಕ್ಕಿದ್ದು. ಮಲ್ಪೆಯ ಎದುರಿನ ಈ ಸಣ್ಣ ಕಲ್ಲುದಿಬ್ಬ ಅಷ್ಟು ದೊಡ್ಡ ಅಗಲಿಕೆಯ ಗುರುತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ಇನ್ನೊಂದು, ವಾಸ್ಕೋ ಡ ಗಾಮ ಭಾರತದಲ್ಲಿ ಮೊದಲು ಕಾಲಿಟ್ಟದ್ದೇ ಇಲ್ಲಿ ಎನ್ನುವುದು. ಅವನು 1498ರ ಮೇ ತಿಂಗಳಲ್ಲಿ ತಲುಪಿದ್ದು ಕಲ್ಲಿಕೋಟೆಯ ಬಳಿಗೆ. ಇಲ್ಲಿ ಸಾಂತಾ ಮರಿಯಾ ಹೆಸರಿನ ಕಂಬ ನೆಟ್ಟದ್ದು ಅದೇ ವರ್ಷ ವಾಪಸು ಹೊರಟಾಗ. ಮಕ್ಕಳು ಗೈಡ್ ಹೇಳಿದ್ದನ್ನು ಬಹುಕಾಲ ನೆನಪಿಡುತ್ತಾರೆ, ಆದ್ದರಿಂದ ಹೊರಡುವ ಮೊದಲೇ ಅವರಿಗೆ ಸರಿಯಾದದ್ದನ್ನು ಹೇಳಿಕೊಡಿ.

ದ್ವೀಪದ ದಂಡೆಯಲ್ಲಿ ಮರಳಿಗಿಂತ ಚಿಪ್ಪಿನ ಚೂರು ಹೆಚ್ಚು. ಬರಿಗಾಲಿಗೆ ಕುತ್ತುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಒಳ್ಳೆಯದು. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ. ಪಡುವಣ ಬದಿಯ ಬಂಡೆಗಳಿಗೆ ಯಾರೂ ಹತ್ತಬಾರದು. ಅಲ್ಲಿ ನೀರು ಕೂಡಲೇ ಆಳ. ಸಣ್ಣ ಅಲೆಗಳ ನಡುವೆ ಆಗಾಗ ಒಂದು ದೊಡ್ಡದು ಬರುತ್ತದೆ, ಬೆನ್ನು ತಿರುಗಿಸಿ ಸೆಲ್ಫಿ ತೆಗೆಯುವವರನ್ನು ಎಳೆದುಕೊಳ್ಳುವುದು ಅದೇ. ಹೊರನಾಡಿನ ಈಜುಕೊಳದಲ್ಲಿ ಪದಕ ಗೆದ್ದ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಸ್ಟೀಲ್ ಬಾಟಲಿಯಲ್ಲಿ ತಲೆಗೊಂದು ಲೀಟರ್ ನೀರು, ಟೊಪ್ಪಿ, ಒಂದು ಜೊತೆ ಒಣಬಟ್ಟೆ ಇರಲಿ.

ಊಟ ಉಡುಪಿಯಲ್ಲೋ ಮಲ್ಪೆಯಲ್ಲೋ. ಎಷ್ಟು ಜನ, ಅದರಲ್ಲಿ ಮೀನು ತಿನ್ನುವವರೆಷ್ಟು, ಕುಚ್ಚಲಕ್ಕಿ ಎಷ್ಟು ಬೆಳ್ತಿಗೆ ಎಷ್ಟು ಎಂದು ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದರೆ ಒಂದು ಗಂಟೆ ಉಳಿಯುತ್ತದೆ.

ಮಧ್ಯಾಹ್ನದ ಮೇಲೆ ಹೊಳೆಯ ಕಡೆ. ಕುದ್ರು ಎಂದರೆ ಹೊಳೆಯ ನಡುವಿನ ನೆಲ. ಘಟ್ಟದಿಂದ ಇಳಿದ ಸ್ವರ್ಣಾ, ಸೀತಾ ಹೊಳೆಗಳು ಕಡಲು ಸೇರುವ ಮೊದಲು ಅಗಲವಾಗಿ, ನಿಧಾನವಾಗಿ, ಹೊತ್ತು ತಂದ ಮಣ್ಣನ್ನು ಇಳಿಸಿದಲ್ಲೆಲ್ಲ ಕುದ್ರುಗಳು ಹುಟ್ಟಿವೆ. ಕೆಮ್ಮಣ್ಣಿನ ತೂಗುಸೇತುವೆ ದಾಟಿದರೆ ತಿಮ್ಮಣ್ಣಕುದ್ರು. ಸೇತುವೆ ಕಾಲ್ನಡಿಗೆಯವರಿಗೆ ಮಾತ್ರ. ಹತ್ತು ಹತ್ತು ಜನರಾಗಿ ದಾಟಿ; ಎಲ್ಲರೂ ಒಂದೇ ಲಯದಲ್ಲಿ ಹೆಜ್ಜೆ ಹಾಕಿದರೆ ತೂಗಾಟ ಏರುತ್ತದೆ. ಬೇಕೆಂದೇ ಕುಣಿಸುವ ಹುಡುಗರನ್ನು ತಡೆಯಿರಿ. ಅಲ್ಲಿಯ ಮನೆಗಳವರಿಗೆ ಅದು ಪೇಟೆಗೆ, ಶಾಲೆಗೆ, ಆಸ್ಪತ್ರೆಗೆ ಹೋಗುವ ದಾರಿ.

ಇಲ್ಲಿಗೆ ಇಳಿತದ ಹೊತ್ತು ನೋಡಿ ಹೋಗಬೇಕು. ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ನೀರು ತುಂಬಿದಾಗ ಬರೀ ಹಸಿರು ಕಾಣುತ್ತದೆ, ಚಂದವೇ. ನೀರು ಇಳಿದಾಗ ಕಾಂಡ್ಲ, ಅಂದರೆ ಮ್ಯಾಂಗ್ರೋವ್ ಮರಗಳ ಬೇರುಗಳು ಕಾಣುತ್ತವೆ: ಕಾಂಡದ ನಡುವಿನಿಂದ ಬಿಲ್ಲಿನಂತೆ ಬಾಗಿ ಕೆಸರಿಗೆ ಊರಿದ ಊರುಗೋಲುಗಳು. ಮರದಲ್ಲಿ ನುಗ್ಗೆಕೋಡಿನಂತೆ ತೂಗುವುದು ಕಾಯಿಯಲ್ಲ, ಮರದಲ್ಲೇ ಮೊಳೆತ ಸಸಿ. ಬಿದ್ದರೆ ಚೂಪು ತುದಿ ಕೆಸರಿಗೆ ಚುಚ್ಚಿಕೊಂಡು ನಿಲ್ಲುತ್ತದೆ, ಕೆಸರು ಸಿಗದಿದ್ದರೆ ತೇಲಿಕೊಂಡು ಬೇರೆ ಕುದ್ರುವಿಗೆ ಹೋಗುತ್ತದೆ. ಅದೇ ಇಳಿತದಲ್ಲಿ ಸೊಂಟಮಟ್ಟದ ನೀರಿನಲ್ಲಿ ನಿಂತು ಮರುವಾಯಿ ಎಂಬ ಚಿಪ್ಪುಜೀವಿಯನ್ನು ಹೆಕ್ಕುವವರನ್ನೂ ಕಾಣಬಹುದು. ಮರುವಾಯಿ ಸುಕ್ಕ ತಿಂದವರೆಲ್ಲರೂ ಆ ದುಡಿಮೆಯನ್ನು ಒಮ್ಮೆ ನೋಡಬೇಕು.

ಸಂಜೆಗೆ ಕೋಡಿ ಬೆಂಗ್ರೆ. ಇದು ದ್ವೀಪವಲ್ಲ, ಕಡಲು ಮತ್ತು ಹೊಳೆಯ ನಡುವೆ ಚಾಚಿದ ಮರಳಿನ ನಾಲಿಗೆ. ಅದರ ತುದಿಯಲ್ಲಿ ಅಳಿವೆಬಾಗಿಲು. ಸೂರ್ಯ ಆ ಹೊತ್ತಿನಲ್ಲಿ ಆರೂಕಾಲಿನೊಳಗೆ ಮುಳುಗುತ್ತಾನೆ, ಐದಕ್ಕೆ ಅಲ್ಲಿರಬೇಕು. ಅಳಿವೆಯಲ್ಲಿ ಮೊಣಕಾಲು ನೀರಿಗೂ ಇಳಿಯಬೇಡಿ. ಇಳಿತದ ವೇಳೆ ಎರಡು ಹೊಳೆಗಳ ನೀರು ಒಂದೇ ಬಾಯಲ್ಲಿ ಹೊರಹೋಗುವಾಗ ಕಾಲಡಿಯ ಮರಳನ್ನೇ ಒಯ್ಯುತ್ತದೆ.

ಎರಡನೆಯ ದಿನ ಇರುವವರು ಕುಂದಾಪುರ ದಾಟಿ ಉಪ್ಪಿನಕುದ್ರುವಿಗೆ ಹೋಗಿ. ಕೊಗ್ಗ ಕಾಮತರ ಮನೆತನದ ಯಕ್ಷಗಾನ ಗೊಂಬೆಯಾಟದ ಊರು ಅದು. ಮೊದಲೇ ಮಾತಾಡಿಕೊಂಡರೆ ಮಾತ್ರ ಆಟ ನೋಡಲು ಸಿಗುತ್ತದೆ. ಅಲ್ಲಿಂದ ಮರವಂತೆ ಹತ್ತಿರ. ಹೋಗುವಾಗ ಕಡಲು ಎಡಕ್ಕೆ, ಸೌಪರ್ಣಿಕಾ ಬಲಕ್ಕೆ. ಹೆದ್ದಾರಿಯ ಅಂಚಿನಲ್ಲಿ ಬಸ್ಸು ನಿಲ್ಲಿಸಿ ರಸ್ತೆ ದಾಟಿಸುವ ಡ್ರೈವರಿಗೆ ಬೇಡವೆನ್ನಿ.

ಹಿಂದಿನ ಸಂಜೆ ಬೋಟಿನವರಿಗೆ ಒಂದು ಫೋನ್ ಮಾಡಿ, ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ ನೋಡಿ. ಮೀನುಗಾರರಿಗೆ ಹೋಗಬೇಡಿ ಎಂದಿರುವ ದಿನ ನಮಗೂ ಕಡಲಿಲ್ಲ.

ಬಸ್ಸಿಗೆ ಹೆಸರು ಕೊಡುವವರು ಜೊತೆಯಲ್ಲೇ ಇಷ್ಟು ಬರೆದು ಕಳುಹಿಸಿ: ಮಕ್ಕಳ ವಯಸ್ಸು ಮತ್ತು ತೂಕ (ಜಾಕೆಟ್ ಮೊದಲೇ ಹೇಳಿಡಲು), ಮಂಡಿನೋವು ಇರುವವರ ಸಂಖ್ಯೆ, ಬೋಟು ಹತ್ತದೆ ಮಲ್ಪೆಯ ದಂಡೆಯಲ್ಲೇ ಉಳಿಯುವ ಹಿರಿಯರೆಷ್ಟು, ಅವರ ಜೊತೆ ನಿಲ್ಲುವವರು ಯಾರು. ಈ ಕೊನೆಯದನ್ನು ಖಾಲಿ ಬಿಡಬೇಡಿ.